ವಿಮಾನದ ಹತ್ಯಾರ ಕೊಳ್ಳುವಾಗ ಸೊಸಿನ್ನೂ ಕೇಳ್ರಿ

ಅಮೇರಿಕಾದಾಗ ಇರೋ ನಮ್ಮ ಅಕ್ಕನ ಮಗ ಮನಿ ಗ್ಯಾರೇಜಿನ್ಯಾಗ ವಿಮಾನ ಕಟ್ಟತಾನಂತ ಅನ್ನೂ ಸುದ್ದಿ ಚಿಕ್ಕೋಡಿಯಿಂದ ಕಾಗವಾಡದ ತನಕ ನಮ್ಮ ಬೀಗರಿಗೆಲ್ಲಾ ಮುಟ್ಟೇತಿ. "ಆಟಿಗಿ ವಿಮಾನೇನ್ರಿ?" ಅಂತ ಕೇಳಿದವರೂ ಅದಾರ. ಆಟಿಗಿ ಅಲ್ರಿ, ಇಬ್ಬರು ಕುಂತು ಹಾರೂ ಖರೇ ವಿಮಾನ. ಅಲ್ಯುಮಿನಿಯಂ ತಗಡು, ಪಟ್ಟಿ, ರಿವೆಟ್ಟು ಪೆಟ್ಟಿಗ್ಯಾಗ ಬರತಾವು, ಕೂಡಿಸೂದು ಮನಿಯವರ ಕೆಲಸ. ಇದಕ್ಕ ಕಿಟ್ ಅಂತಾರ. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಕ್ಕ ಕಟ್ಟೋರ ಕೈಯಿಂದನ ಆಗಿರಬೇಕು ಅಂತ ಅಲ್ಲಿ ಸರ್ಕಾರದ ನಿಯಮ ಐತಿ.

ಇದು ಹುಚ್ಚು ಕೆಲಸ ಅಂತ ನಗಬ್ಯಾಡ್ರಿ. ನಮ್ಮ ಹತ್ತರಗಿಯ ಏಕಸ್ ಕಾರ್ಖಾನ್ಯಾಗ ದೊಡ್ಡ ದೊಡ್ಡ ವಿಮಾನದ ಭಾಗ ತಯಾರಾಗತಾವು. ಬಾಜೂ ಮಹಾರಾಷ್ಟ್ರದ ಪೈಲಟ್ ಅಮೋಲ್ ಯಾದವ ಅವರು ಕಿಟ್ ಸುದ್ದಾ ಇಲ್ಲದ, ಮುಂಬೈ ಕಾಂದಿವಲಿಯ ಮನಿ ಮಾಳಿಗಿ ಮ್ಯಾಲ ಆರು ಸೀಟಿನ ವಿಮಾನ ಕಟ್ಟಿ 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಾಗ ಇಟ್ಟಿದ್ರು. ಅದರ ನೋಂದಣಿ ಆಗಾಕ 2017 ಬರಬೇಕಾತು. ಕೇರಳದ ಅಶೋಕ್ ತಾಮರಾಕ್ಷನ್ ಇಂಗ್ಲೆಂಡಿನ ಎಸೆಕ್ಸಿನ್ಯಾಗ ಸ್ಲಿಂಗ್ ಅನ್ನೂ ಕಿಟ್ ಕೂಡಿಸಿ, ಅದಕ್ಕ ಮಗಳ ಹೆಸರಿಟ್ಟು, ಹೆಂಡತಿ ಮಕ್ಕಳನ್ನ ಕೂಡಿಸ್ಕೊಂಡು ಹಾರಿದ್ರು. ಅಂದಮ್ಯಾಲ ನಮ್ಮ ಹುಡುಗನೂ ಕಟ್ಟಲಿ. ನನ್ನ ತಕರಾರು ವಿಮಾನದ ಮ್ಯಾಲ ಇಲ್ಲ, ಹತ್ಯಾರದ ಯಾದಿ ಮ್ಯಾಲ ಐತಿ.

ಆ ಯಾದಿ ಮನಿ ವಾಟ್ಸಾಪ್ ಗ್ರೂಪಿಗೆ ಬಂತು. ಗಂಡಸರೆಲ್ಲಾ ಅದರ ಮ್ಯಾಲ ಬಿದ್ರು. ಡ್ರಿಲ್ ಯಾವದು, ಕಂಪ್ರೆಸರ್ ಎಷ್ಟು ದೊಡ್ಡದು, ಕೊಲ್ಲಾಪುರದ ಉದ್ಯಮನಗರದಾಗ ಸೋವಿ ಸಿಗತೈತೇನು ಅಂತ ಎರಡು ದಿನ ಚರ್ಚಾ ನಡೀತು. ಆದ್ರ ಅವನ ಹೇಣ್ತಿ, ಅಥಣಿಯಿಂದ ಬಂದ ನಮ್ಮ ಸೊಸಿನ್ನ, "ನಿನಗ ಏನ ಬೇಕವ್ವಾ?" ಅಂತ ಒಬ್ಬರೂ ಕೇಳಲಿಲ್ಲ. ನಾ ಅಂತೀನಿ, ಮೊದಲ ಕೇಳಬೇಕಾದವಳು ಅಕಿ. ಮರ್ಯಾದಿಗೆ ಅಲ್ರಿ, ಕೆಲಸಾನ ಹಂಗ ಐತಿ.

ಹ್ಯಾಂಗ ಅಂದ್ರ, ಎರಡು ತಗಡು ಜೋಡಸಾಕ ಮೊದಲ ತೂತಿಗೆ ತೂತು ಕೂಡಿಸಿ ಕ್ಲೆಕೊ ಅನ್ನೂ ಸ್ಪ್ರಿಂಗಿನ ಪಿನ್ನು ಹಾಕತಾರ. ನಾವು ಜಂಪರ ಹೊಲಿಯೂ ಮುಂದ ಕಚ್ಚಾ ಟಾಕಿ ಹಾಕತೀವಲ್ಲಾ, ಹಂಗ. ಅಂಥಾವು ನೂರಾರು ಬೇಕಾಗತಾವು. ಆಮ್ಯಾಲ ಒಂದೊಂದ ತೂತಿಗೂ ರಿವೆಟ್ಟು. ಹೊರಗಿಂದ ಒಬ್ಬರು ಗಾಳಿ ಗನ್ನಿನಿಂದ ಹೊಡೀತಾರ. ಒಳಗಿಂದ ಇನ್ನೊಬ್ಬರು ಭಾರದ ಲೋಹದ ತುಂಡು ಒತ್ತಿ ಹಿಡೀತಾರ. ಅದಕ್ಕ ಬಕಿಂಗ್ ಬಾರ್ ಅಂತ ಹೆಸರು. ಎರಡರ ನಡುವ ರಿವೆಟ್ಟಿನ ಬಾಲ ಚಪ್ಪಟಿ ಆಗಿ ಗುಂಡಿ ಆಗತೈತಿ. ಇಂಥಾ ವಿಮಾನಕ್ಕ ರಿವೆಟ್ಟು ಹತ್ತು ಸಾವಿರದ ಮ್ಯಾಲ. ಸಣ್ಣ ಸಣ್ಣ ಕಡೆ ಒಬ್ಬರ ಹಿಸುಕೂ ಇಕ್ಕಳ ನಡೀತೈತಿ. ಆದ್ರ ರೆಕ್ಕಿ ನಡುವ, ವಿಮಾನದ ಹೊಟ್ಟ್ಯಾಗ ಅದರ ಬಾಯಿ ಮುಟ್ಟಂಗಿಲ್ಲ, ಇಬ್ಬರು ಬೇಕ ಬೇಕು.

ಈಗ ನೋಡ್ರಿ, ಗುಂಡಿ ಸರಿ ಆತೋ ಇಲ್ಲೋ ಅನ್ನೂದು ಗನ್ ಹಿಡದವಗ ಕಾಣಂಗಿಲ್ಲ, ಒಳಗ ಕೈ ಹಾಕಿದವಳಿಗೆ ಕಾಣತೈತಿ. ಗುಂಡಿ ಅಗಲ ರಿವೆಟ್ಟಿನ ದಪ್ಪದ ಒಂದೂವರಿ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು ಅಂತ ಲೆಕ್ಕ ಐತಿ. ಬಾರ್ ಸ್ವಲ್ಪ ವಾಲಿದ್ರ ಗುಂಡಿ ಸೊಟ್ಟ, ಜಾರಿದ್ರ ತಗಡಿಗೆ ಪೆಟ್ಟು. ಹಿಂದ ಇಬ್ಬರು ಕುಂತು ಬೀಸೂವಾಗ ಒಬ್ಬಾಕಿ ಕೈ ಸೋತ್ರ ಹಿಟ್ಟು ತರಿ ಆಗತಿತ್ತು, ಮತ್ತ ಬೀಸಿದ್ರ ಮುಗೀತು. ಇಲ್ಲಿ ಹಂಗಲ್ಲ. ಕೆಟ್ಟ ರಿವೆಟ್ಟು ಕೊರದು ತಗೀಬೇಕು, ಆ ತೂತು ದೊಡ್ಡದಾದ್ರ ಮತ್ತ ದಪ್ಪನ ರಿವೆಟ್ಟು ಹುಡುಕಬೇಕು. ಒಳಗಿನ ಕೈಗೆ ಸುಖ ಇಲ್ಲಂದ್ರ ಮ್ಯಾಲ ಹಾರೂ ವಿಮಾನಕ್ಕ ಸುಖ ಇಲ್ಲ.

ಹಂಗಾರ ರೊಕ್ಕ ಎಲ್ಲಿ ಹಾಕಬೇಕು? ನನ್ನ ಮತ ಹೇಳತೀನಿ.

ಮೊದಲನೇದು ಬಕಿಂಗ್ ಬಾರ್. ಉಕ್ಕಿಂದು ಸೋವಿ, ಟಂಗ್‌ಸ್ಟನ್ನಿಂದು ಭಾಳ ತುಟ್ಟಿ. ಅದಕ್ಕ ಯಾದಿಯೊಳಗ "ಬೇಕಾದ್ರ ತಗೋಬಹುದು" ಅನ್ನೂ ಸಾಲಿನ್ಯಾಗ ಅದನ್ನ ಬರದಿದ್ರು. ಟಂಗ್‌ಸ್ಟನ್ ಅಷ್ಟ ಗಾತ್ರದ ಉಕ್ಕಿನ ಎರಡು ಪಟ್ಟಿಗೂ ಹೆಚ್ಚು ಭಾರ. ಅಂದ್ರ ಸಣ್ಣ ಕೈಯಾಗ ಹಿಡಿಯೂವಂಥ ತುಂಡು ಇಕ್ಕಟ್ಟಿನ ಜಾಗಾಕ್ಕೂ ಹೋಗತೈತಿ, ಗನ್ನಿನ ಪೆಟ್ಟನ್ನೂ ತಡೀತೈತಿ, ಕೈಗೆ ಬರೂ ನಡುಕ ಕಡಿಮಿ. ಅಕ್ಕ ಅಲ್ಲಿಗೆ ಹೋದಾಗ ಕಲಿಯೂ ಸಲುವಾಗಿ ತಂದ ಸಣ್ಣ ಕಿಟ್ಟಿನ ಮ್ಯಾಲ ಇಬ್ಬರೂ ರೂಢಿ ಮಾಡತಿದ್ರಂತ. ಎರವಲು ತಂದ ಉಕ್ಕಿನ ಬಾರ್ ಹಿಡದ ದಿನ ಸಂಜಿಕ ಸೊಸಿ ಕೈ ಜೋಮ ಹಿಡದು ಚಹಾದ ಕಪ್ಪು ಹಿಡಿಯಾಕ ಬರವಲ್ದಾಗಿತ್ತಂತ. ವರ್ಷಗಟ್ಟಲೆ ನಡಿಯೂ ಕೆಲಸಕ್ಕ ಆ ಕೈ ಉಳೀಬೇಕಲ್ರಿ?

ಎರಡನೇದು ಕಿವಿ, ಕಣ್ಣು. ಗನ್ನಿನ ಸಪ್ಪಳ ಕಿವಿ ಕೆಡಸೂವಂಥದ್ದು. ಕಿವಿಗೆ ಹಾಕೂ ಮುಚ್ಚಿಗಿ ಯಾದಿಯೊಳಗ ಒಂದ ಇತ್ತು. ಒಂದ ಅಲ್ಲ, ಎರಡು ತಗೋರಿ. ತಗಡಿನ ಇನ್ನೊಂದು ಬಾಜೂಕ ಕುಂತವಳಿಗೆ ಸಪ್ಪಳ ಏನ ಕಡಿಮಿ ಇರತೈತಿ? ಕಣ್ಣಿನ ಚಸ್ಮಾನೂ ಎರಡು, ಅಕಿ ಮಾರಿಗೆ ಕೂಡೂವಂಥದ್ದು. ತೂತು ಕೊರದಾಗ ಬರೂ ಅಲ್ಯುಮಿನಿಯಂ ಚೂರು ಹಿಡಿಯಾಕ ಚುಂಬಕ ನಡಿಯಂಗಿಲ್ಲ. ಹುಡುಗರು ಅಡ್ಡಾಡೂ ಮನ್ಯಾಗ ಗ್ಯಾರೇಜಿಗೆ ಬ್ಯಾರೆ ಚಪ್ಪಲ, ಬ್ಯಾರೆ ಕಸಬರಗಿ ಇರಲಿ. ಇವೂ ಹತ್ಯಾರನ.

ಮೂರನೇದು ಗನ್. ಟ್ರಿಗರ್ ಮೆತ್ತಗ ಒತ್ತಿದ್ರ ಮೆತ್ತಗ ಹೊಡಿಯೂವಂಥದ್ದು ಬೇಕು, ಯಾಕಂದ್ರ ಅದನ್ನ ಸೊಸಿನೂ ಹಿಡೀಬಹುದು. ಎರಡನೇ ಮಹಾಯುದ್ಧದಾಗ ಅಮೇರಿಕಾದ ವಿಮಾನ ಕಾರ್ಖಾನಿಗಳಾಗ ಲಕ್ಷಗಟ್ಟಲೆ ಹೆಣ್ಣುಮಕ್ಕಳು ದುಡದರು. ಅವರೊಳಗ ಗನ್ ಹಿಡದವರೂ ಇದ್ರು, ಬಾರ್ ಹಿಡದವರೂ ಇದ್ರು. ಗನ್ ಗಂಡಗ, ಬಾರ್ ಹೇಣ್ತಿಗೆ ಅಂತ ಯಾರೂ ಬರದಿಟ್ಟಿಲ್ಲ. ಕೆಲಸದ ಟೇಬಲ್ಲಿನ ಎತ್ತರಾನೂ ಇಬ್ಬರನ್ನೂ ನಿಲ್ಲಿಸಿ ನೋಡಿನ ಇಡಬೇಕು.

"ಇಷ್ಟಕ್ಕೆಲ್ಲಾ ರೊಕ್ಕ ಎಲ್ಲಿಂದ ತರೂದು?" ಅಂತ ನಮ್ಮ ಮಾವಾರು ಕೇಳಿದ್ರು. ಮಾತು ಖರೇನ. ರೊಕ್ಕ ದೊಡ್ಡ ಮಷೀನಿನ್ಯಾಗ ಉಳಸ್ರಿ. ಈಗಿನ ಕಿಟ್ಟಿನ್ಯಾಗ ಭಾಳಷ್ಟು ತೂತು ಕಾರ್ಖಾನ್ಯಾಗನ ಹೊಡದು ಬರತಾವು. ದೊಡ್ಡ ಗರಗಸದ ಮಷೀನ, ನಿಲ್ಲಸೂ ಡ್ರಿಲ್ ಮಷೀನ ನಾಕ ದಿನದ ಕೆಲಸಕ್ಕ ಬೇಕಾಗತಾವು, ಎರವಲು ತಂದ್ರ ಸಾಕು. ಅಲ್ಲಿ ಇಂಥಾ ವಿಮಾನ ಕಟ್ಟೋರ ಸಂಘ ಐತಿ, ಊರೂರಿನ ಶಾಖಾದಾಗ ಹತ್ಯಾರ ಕೈಬದಲಿ ಕೊಡೂ ಪದ್ಧತಿ ಐತಿ. ಕೆಲಸ ಮುಗದವರು ಮಾರಿದ್ದೂ ಸಿಗತಾವು. ಕ್ಲೆಕೊ ಹಳೇವಾದ್ರೂ ನಡೀತಾವು. ಆದ್ರ ದಿನಾ ಕೈಯಾಗ ಇರೂದು, ಕೈಗೆ ನೋವು ಕೊಡೂದು ಯಾವುದೈತಿ, ಅದನ್ನ ಮಾತ್ರ ಚಲೋದ ತಗೋರಿ. ನಿಪ್ಪಾಣಿ ಬೀಡಿ ಕಟ್ಟೋ ನಮ್ಮ ಗೆಳತ್ಯಾರು ತಮ್ಮ ಕತ್ತರಿ ಬ್ಯಾರೇದವರಿಗೆ ಕೊಡಾಕ ಯಾಕ ಹಿಂದ ಮುಂದ ನೋಡತಾರ ಅಂತ ಅವರನ್ನ ಕೇಳ್ರಿ. ಎಲಿ ಕತ್ತರಿಸಿ ಕತ್ತರಿಸಿ ಆ ಕತ್ತರಿ ಅವರ ಬೆರಳಿಗೆ ಕುಂತಿರತೈತಿ.

ಇನ್ನೊಂದು ಮಾತು. ಕೇಳಿದಾಗ ಸೊಸಿ "ನನಗ ನೌಕರಿ ಐತಿ, ಹುಡುಗರದಾವು, ನಾ ಒಲ್ಲೆ" ಅಂದ್ರ? ಅದೂ ಉತ್ತರಾನ, ಅದಕ್ಕ ಸಿಟ್ಟಾಗೂದು ಬ್ಯಾಡ. ಒಂದ ಬಾಜೂಲಿಂದ ಎಳದು ಕೂಡಸೂ ರಿವೆಟ್ಟಿನ ಕಿಟ್ಟೂ ಅದಾವು. ಸ್ಲಿಂಗ್ ಅಂಥಾದ್ದು, ವ್ಯಾನ್ಸ್ ಕಂಪನಿಯ ಆರ್‌ವಿ-12 ಅಂಥಾದ್ದು. ಅದಕ್ಕ ಒಳಗ ಬಾರ್ ಹಿಡಿಯೋರು ಬೇಕಾಗಿಲ್ಲ, ಭಾಳಷ್ಟು ಕೆಲಸ ಅಂವ ಒಬ್ಬನ ಮಾಡಬಹುದು, ಹತ್ಯಾರಾನೂ ಬ್ಯಾರೆ. ಅದಕ್ಕ ಅಕಿ ಉತ್ತರ ಕಿಟ್ಟಿನ ಆರ್ಡರ್ ಕೊಡೂಕಿಂತ ಮೊದಲ ಬರಬೇಕು. ಪೆಟ್ಟಿಗಿ ಬಂದು ಇಳದ ಮ್ಯಾಲ "ಸ್ವಲ್ಪ ಬಂದು ಹಿಡಿ" ಅಂದ್ರ, ಆ ಸ್ವಲ್ಪ ಎರಡು ಮೂರು ವರ್ಷ ಆಗತೈತಿ.

ನಾ ಇದನ್ನೆಲ್ಲಾ ಗ್ರೂಪಿನ್ಯಾಗ ಬರದೆ. ಸೊಸಿ ತನ್ನ ಯಾದಿ ತಾನ ಕಳಿಸ್ಯಾಳ, ನಾಕ ಸಾಲಿಂದು. ಬಾರ್, ಕಿವಿ ಮುಚ್ಚಿಗಿ, ಸಣ್ಣ ಅಳತಿ ಕೈಚೀಲ, ಮತ್ತ ಕೆಲಸದ ವಹಿಯೊಳಗ ದಿನಾ ತನ್ನ ಹೆಸರೂ ಬರೀಬೇಕು ಅಂತ. ನಾಕನೇದಕ್ಕ ರೊಕ್ಕ ಬೇಕಾಗಿಲ್ಲ ನೋಡ್ರಿ.

ಅಕ್ಕಾರ, ವೈನಿಯಾರ, ನಮ್ಮ ನಿಮ್ಮ ಮನಿಗೆ ವಿಮಾನ ಬರಲಿಕ್ಕಿಲ್ಲ. ಹಿಟ್ಟಿನ ಗಿರಣಿ ಬಂದೀತು, ಹಾಲು ಹಿಂಡೂ ಮಷೀನ ಬಂದೀತು. ಅಂಗಡಿಗೆ ಹೋಗೂವಾಗ ನೀವೂ ಹೋಗ್ರಿ. ರೊಕ್ಕ ಕೊಡೂಕಿಂತ ಮೊದಲ ಹಿಡಿಕಿ ಹಿಡದು ನೋಡ್ರಿ, ಎತ್ತಿ ನೋಡ್ರಿ, ಭಾರ ಆದ್ರ ಅಲ್ಲೇ ಹೇಳ್ರಿ.