ಗಣಕಕ್ಕೆ ಊರು ತಿಳಿಸುವ ಬಗೆ

ಎಟಿಎಂ ಕಾರ್ಡಿನಷ್ಟು ಅಗಲದ ಹಸಿರು ಫಲಕವೊಂದರಲ್ಲಿ ಇಡೀ ಗಣಕವನ್ನೇ ಅಡಕಗೊಳಿಸಿದ ‘ರಾಸ್ಪ್‌ಬೆರಿ ಪೈ’ ಮಾರುಕಟ್ಟೆಗೆ ಬಂದುದು 2012ರ ಫೆಬ್ರವರಿ 29ರಂದು. ಮಕ್ಕಳು ಗಣಕವನ್ನು ಬಳಸಿದರಷ್ಟೇ ಸಾಲದು, ಅದರ ಒಳಗನ್ನೂ ಅರಿಯಬೇಕೆಂಬ ಉದ್ದೇಶದಿಂದ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ರೂಪುಗೊಂಡ ಸಾಧನವಿದು. ಕೇರಳದ ಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಕೂಟಗಳು ಆರಂಭವಾದ ಮೇಲೆ ಇಂತಹ ಫಲಕಗಳು ನಮ್ಮ ಕಾಸರಗೋಡಿನ ಮಕ್ಕಳಿಗೂ ಅಪರಿಚಿತವಲ್ಲ.

ಹುಟ್ಟೂರಿನ ರೂಢಿ ಬೇಗನೆ ಬಿಡದೆಂಬ ಮಾತು ಯಂತ್ರಕ್ಕೂ ಸಲ್ಲುತ್ತದೆ. ನಾವಾಗಿ ತಿಳಿಸದಿದ್ದರೆ ಈ ಗಣಕ ತಾನಿನ್ನೂ ಇಂಗ್ಲೆಂಡಿನಲ್ಲೇ ಇದ್ದೇನೆಂದು ಭಾವಿಸುತ್ತದೆ. ಗಡಿಯಾರ ಲಂಡನ್ನಿನದು, ಕೀಲಿಮಣೆ ಬ್ರಿಟನ್ನಿನದು, ಭಾಷೆಯೂ ಅಲ್ಲಿಯದೇ. ಆದ್ದರಿಂದ ಮೊದಲ ಕೆಲಸ ಅದಕ್ಕೆ ಊರು ತಿಳಿಸುವುದು. ಟರ್ಮಿನಲ್ ಕಿಟಕಿಯಲ್ಲಿ ‘ಸುಡೊ ರಾಸ್ಪಿ-ಕಾನ್ಫಿಗ್’ ಎಂಬ ಆಜ್ಞೆ ಕೊಟ್ಟರೆ ತೆರೆಯುವ ಪಟ್ಟಿಯಲ್ಲಿ ‘ಲೋಕಲೈಸೇಶನ್’ ಎಂಬ ವಿಭಾಗವಿದೆ. ಭಾಷೆ, ಕಾಲವಲಯ, ಕೀಲಿಮಣೆ, ವೈಫೈ ದೇಶ ಈ ನಾಲ್ಕೂ ಅಲ್ಲಿಯೇ ಸಿಗುತ್ತವೆ.

ಮೊದಲು ಕೀಲಿಮಣೆಯನ್ನು ಸರಿಪಡಿಸಿ, ಬಳಿಕ ಪಾಸ್‌ವರ್ಡ್ ಇಡುವುದು ಜಾಣತನ. ನಮ್ಮ ಅಂಗಡಿಗಳಲ್ಲಿ ದೊರೆಯುವುದು ಸಾಮಾನ್ಯವಾಗಿ ಅಮೆರಿಕದ ವಿನ್ಯಾಸದ ಕೀಲಿಮಣೆ. ಬ್ರಿಟಿಷ್ ವಿನ್ಯಾಸ ಹಾಗೆಯೇ ಉಳಿದಿದ್ದರೆ ಎರಡರ ಕೀಲಿಯ ಮೇಲಿನ ‘ಅಟ್’ ಚಿಹ್ನೆಯನ್ನು ಒತ್ತಿದಾಗ ಉದ್ಧರಣ ಚಿಹ್ನೆ ಮೂಡುತ್ತದೆ. ಪಾಸ್‌ವರ್ಡ್ ಪರದೆಯ ಮೇಲೆ ಕಾಣಿಸದ ಕಾರಣ ತಪ್ಪು ಗೊತ್ತಾಗುವುದಿಲ್ಲ. ಮರುದಿನ ವಿನ್ಯಾಸ ಬದಲಿಸಿದವರಿಗೆ ತಮ್ಮದೇ ಗಣಕ ಬಾಗಿಲು ತೆರೆಯುವುದಿಲ್ಲ.

ಕಾಲವಲಯಕ್ಕೆ ಏಷ್ಯಾ, ಅದರೊಳಗೆ ಕೋಲ್ಕತಾ ಎಂದು ಆರಿಸಬೇಕು. ಐದನೆಯ ಪೈಗಿಂತ ಹಿಂದಿನ ಮಾದರಿಗಳಲ್ಲಿ ವಿದ್ಯುತ್ ಹೋದರೂ ನಡೆಯುವ ಗಡಿಯಾರವಿಲ್ಲ. ಅವು ಅಂತರಜಾಲದಿಂದ ಸಮಯ ಕೇಳಿಕೊಳ್ಳುತ್ತವೆ. ದಿನಾಂಕ ತೀರಾ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳೂ ತೆರೆಯಲಾರವು. ವೈಫೈಗೆ ದೇಶವನ್ನು ಭಾರತವೆಂದು ಹೇಳದಿದ್ದರೆ ಆ ಸಂಪರ್ಕವೇ ತಡೆಹಿಡಿಯಲ್ಪಡಬಹುದು.

ಇನ್ನು ಭಾಷೆ. ಉದ್ದನೆಯ ಪಟ್ಟಿಯಲ್ಲಿ ಇಂಗ್ಲಿಷಿನ ಚಿಕ್ಕಕ್ಷರದ ಕೆ, ಎನ್, ಒಂದು ಅಡಿಗೆರೆ, ದೊಡ್ಡಕ್ಷರದ ಐ, ಎನ್ ಎಂಬ ಸಾಲೊಂದಿದೆ. ಮೊದಲೆರಡು ಅಕ್ಷರ ಕನ್ನಡಕ್ಕೆ, ಕೊನೆಯೆರಡು ಭಾರತಕ್ಕೆ. ಯಾವ ಭಾಷೆ, ಯಾವ ದೇಶ ಎಂಬೆರಡೇ ಪ್ರಶ್ನೆ. ಯಾವ ರಾಜ್ಯವೆಂದು ಯಂತ್ರ ಕೇಳುವುದಿಲ್ಲ. 1956ರ ನವೆಂಬರ್ 1ರಿಂದ ಆ ಪ್ರಶ್ನೆಗೆ ಉತ್ತರಿಸುತ್ತಲೇ ಬಂದ ನಮಗೆ ಇದು ಸಣ್ಣ ಸಮಾಧಾನವಲ್ಲ. ಮೈಸೂರಿಗೂ ಮಂಜೇಶ್ವರಕ್ಕೂ ಅಲ್ಲಿ ಒಂದೇ ಸಾಲು.

ಆದರೆ ಉತ್ಪ್ರೇಕ್ಷೆ ಬೇಡ. ಆ ಸಾಲನ್ನು ಆರಿಸಿದ ಮಾತ್ರಕ್ಕೆ ಪರದೆಯೆಲ್ಲ ಕನ್ನಡವಾಗದು. ಅನುವಾದವಾಗದ ಕಡೆ ಇಂಗ್ಲಿಷೇ ಉಳಿಯುತ್ತದೆ. ಕನ್ನಡದ ಅಕ್ಷರವಿನ್ಯಾಸಗಳನ್ನು ಬೇರೆಯಾಗಿ ಅಳವಡಿಸಬೇಕಾಗಬಹುದು. ಬರಿಯ ಕಪ್ಪು ಪರದೆಯ ಕನ್ಸೋಲಿನಲ್ಲಿ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. ಆದಕಾರಣ ಭಾರತೀಯ ಇಂಗ್ಲಿಷನ್ನೂ ಕನ್ನಡವನ್ನೂ ಸ್ಪೇಸ್ ಕೀಲಿಯಿಂದ ಗುರುತು ಮಾಡಿ, ಕನ್ಸೋಲಿನಲ್ಲಿಯೇ ದುಡಿಯುವವರು ಇಂಗ್ಲಿಷನ್ನು, ಚಿತ್ರಗಳಿರುವ ಪರದೆಯನ್ನು ಬಳಸುವವರು ಕನ್ನಡವನ್ನು ಮುಖ್ಯ ಭಾಷೆಯಾಗಿಸಿಕೊಳ್ಳಬಹುದು.

ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಹಾಗೆ ಮಾಡಿದಾಗ ಪರದೆಯ ಅರ್ಧ ಇಂಗ್ಲಿಷಿನಲ್ಲೇ ಕಂಡೀತು. ಕಾಣಲಿ. ಮುಕ್ತ ತಂತ್ರಾಂಶದ ಕನ್ನಡ ಅನುವಾದಗಳಲ್ಲಿ ಬಹುಪಾಲು ಸ್ವಯಂಸೇವಕರ ಶ್ರಮ. ಉಳಿದ ಅರ್ಧವನ್ನು ತುಂಬುವ ಅವಕಾಶ ಅವಳಿಗೂ ಇದೆ. ಬಳಸುವವರೇ ಇಲ್ಲದ ಭಾಷೆಗೆ ಅನುವಾದಕರು ಹುಟ್ಟುವುದಿಲ್ಲ. ನಿಮ್ಮ ಮನೆಗೋ ಶಾಲೆಗೋ ಅಂತಹ ಫಲಕ ಬಂದರೆ, ಆ ಸಾಲಿನೆದುರು ಒಂದು ಗುರುತು ಹಾಕಲು ಮರೆಯದಿರಿ.