ಹಾಡಿನ ಮೊದಲಕ್ಷರ

ಪ್ರವಾಸದ ಬಸ್ಸು ಚಂದ್ರಗಿರಿ ಸೇತುವೆಯನ್ನು ದಾಟುವ ಮೊದಲೇ ಅಂತ್ಯಾಕ್ಷರಿ ಆರಂಭವಾಗುವುದು ಕಾಸರಗೋಡಿನ ವಿದ್ಯಾರ್ಥಿಗಳಲ್ಲಿ ಹಳೆಯ ವಾಡಿಕೆ. ಈಚೆಗೆ ಆ ಆಟದ ಸ್ವರೂಪ ಬದಲಾಗಿದೆ. ಕನ್ನಡದ ಚಿತ್ರಗೀತೆಗೆ ಮಲಯಾಳದ ಹಾಡು, ಅದಕ್ಕೆ ಹಿಂದಿ, ಹಿಂದಿಗೆ ಇಂಗ್ಲಿಷಿನ ಪಾಪ್ ಅಥವಾ ರಾಕ್ ಹಾಡು ಉತ್ತರವಾಗಿ ಬರುತ್ತದೆ. ಕನ್ನಡ ಸಂಘದವರ ಆಟದಲ್ಲಿ ಇಂಗ್ಲಿಷ್ ಹಾಡಿಗೆ ಏನು ಕೆಲಸ ಎಂದು ಆಕ್ಷೇಪಿಸುವ ಹಿರಿಯರೂ ಇದ್ದಾರೆ. ಆದರೆ ಆ ಹಾಡನ್ನು ಹೊರಗಿಡಬೇಕೆ ಎಂಬುದಕ್ಕಿಂತ, ಅದರ ಮೊದಲಕ್ಷರ ಯಾವುದು ಎಂಬುದೇ ಹೆಚ್ಚು ಸ್ವಾರಸ್ಯದ ಪ್ರಶ್ನೆ.

ಬಾಬ್ ಡಿಲನ್ 1973ರಲ್ಲಿ ಹಾಡಿದ 'ನಾಕಿನ್ ಆನ್ ಹೆವನ್ಸ್ ಡೋರ್' ಎಂಬ ಹಾಡನ್ನು ತೆಗೆದುಕೊಳ್ಳಬಹುದು. ಇಂಗ್ಲಿಷಿನ ಅಕಾರಾದಿಯಲ್ಲಿ ಅದು 'ಕೆ' ಅಕ್ಷರದ ಕೆಳಗೆ ಬರುತ್ತದೆ. ಕಿವಿಗೆ ಕೇಳುವುದು 'ನ'. ಹಾಡುಗಾರ ಬಾಯಿ ತೆರೆದಾಗ ಮೊದಲು ಹೊರಡುವುದು 'ಮ'. ಒಂದೇ ಹಾಡಿಗೆ ಮೂರು ಮೊದಲಕ್ಷರ! ಕ್ವೀನ್ ತಂಡದ 'ಬೊಹೀಮಿಯನ್ ರ‍್ಯಾಪ್ಸೊಡಿ' (1975) ಇನ್ನೂ ವಿಚಿತ್ರವಾದುದು. ಶೀರ್ಷಿಕೆಯ ಆ ಎರಡು ಪದಗಳು ಹಾಡಿನೊಳಗೆ ಎಲ್ಲಿಯೂ ಇಲ್ಲ. ಬೀಟಲ್ಸರ 'ಯೆಸ್ಟರ್‌ಡೇ' (1965), ಜಾನ್ ಲೆನನ್ನನ 'ಇಮ್ಯಾಜಿನ್' (1971) ಮೊದಲಾದವುಗಳಲ್ಲಿ ಮಾತ್ರ ಹೆಸರೂ ಮೊದಲ ಪದವೂ ಒಂದೇ. ಹೀಗಾಗಿ ಒಂದೇ ಅಕ್ಷರದಿಂದ ಮೊದಲಾಗುವ ಇಂಗ್ಲಿಷ್ ಹಾಡುಗಳೆಂದು ಪಟ್ಟಿ ಮಾಡಿದಾಗ ಅಲ್ಲಿ ಒಟ್ಟುಗೂಡುವುದು ಹೆಸರುಗಳೇ ಹೊರತು ಹಾಡುಗಳಲ್ಲ.

ಕನ್ನಡದ ಹಾಡಿಗೆ ಅಂಥ ಹೆಸರಿಲ್ಲ. ಕವಿ ತನ್ನ ಭಾವಗೀತೆಗೆ ಶೀರ್ಷಿಕೆ ಕೊಟ್ಟಿದ್ದರೂ ಜನ ಅದನ್ನು ಪಲ್ಲವಿಯ ಮೊದಲ ಮಾತಿನಿಂದಲೇ ಗುರುತಿಸುತ್ತಾರೆ. ದಾಸರ ಪದಗಳ ಸಂಪುಟಗಳಲ್ಲಿ ಕೊನೆಗೆ ಅಕಾರಾದಿ ಇರುವುದು ಈ ಕಾರಣಕ್ಕಾಗಿಯೇ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಿಂತಿರುವ ರಾಮಾಯಣ ಪ್ರಸಂಗಗಳ ಪದ್ಯವನ್ನು ಭಾಗವತರು ನೆನಪಿಗೆ ತಂದುಕೊಳ್ಳುವುದೂ ಎತ್ತುಗಡೆಯ ನುಡಿಯಿಂದ. ಹಳಗನ್ನಡದ ಓದುಗನಿಗೆ ಇನ್ನೊಂದು ಆಧಾರವೂ ಇತ್ತು: ಪದ್ಯದ ಯಾವುದೋ ಒಂದು ಪಾದ ನೆನಪಿದ್ದರೂ ಆದಿಪ್ರಾಸದ ಬಲದಿಂದ ಮೊದಲ ಪಾದದ ಎರಡನೆಯ ಅಕ್ಷರವನ್ನು ಊಹಿಸಬಹುದಿತ್ತು. (ಆ ಪ್ರಾಸವನ್ನು ಬಿಟ್ಟು ಬರೆಯುವ ಧೈರ್ಯ ಮಾಡಿದವರು ಇದೇ ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈಗಳು ಎಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ.) ಬಾಯಿಯಿಂದ ಬಾಯಿಗೆ ಬಂದ ಹಾಡಿಗೆ ಆ ಕಟ್ಟೂ ಇಲ್ಲ. ಅದಕ್ಕೆ ಕರ್ತೃವಿಲ್ಲ, ಇಸವಿಯಿಲ್ಲ, ಗಾಯಕನ ಹೆಸರಿನ ತಟ್ಟೆಯಿಲ್ಲ. ಡಿಲನ್ನನ ಹಾಡಿನ ಮೊದಲ ಸಾಲು ಮರೆತವನು ಗಾಯಕನ ಹೆಸರು ಹಿಡಿದು ಹುಡುಕಿಯಾನು. ಸೋಬಾನೆಯ ಮೊದಲ ಸಾಲು ಮರೆತ ಮೊಮ್ಮಗಳು ಯಾವುದನ್ನು ಹಿಡಿದು ಹುಡುಕಬೇಕು?

ಈ ಜಿಲ್ಲೆಯಲ್ಲಿ ತೊಡಕು ಮತ್ತಷ್ಟು ಹೆಚ್ಚು. 'ಹಾಡು' ಎಂಬ ಪದಕ್ಕೇ ಇಲ್ಲಿ ಎರಡು ಮೊದಲಕ್ಷರಗಳಿವೆ. ಕನ್ನಡದಲ್ಲಿ 'ಹ'ಕಾರವಾದುದು ಮಲಯಾಳದ ಪಾಟ್ಟಿನಲ್ಲೂ ತುಳುವಿನ ಪಾಡ್ದನದಲ್ಲೂ 'ಪ'ಕಾರವಾಗಿಯೇ ಉಳಿದಿದೆ. ನಾಟಿಯ ಕಬಿತಗಳಲ್ಲಿ ಬಹಳಷ್ಟು 'ಓ' ಎಂಬ ಕರೆಯಿಂದ ಏಳುತ್ತವೆ. ಬರಿಯ ಮೊದಲಕ್ಷರವನ್ನು ನಂಬಿದರೆ ಅವೆಲ್ಲವೂ ಒಂದೇ ಪುಟದಲ್ಲಿ ರಾಶಿ ಬೀಳುತ್ತವೆ. ಇಂಗ್ಲಿಷಿನ ಪಟ್ಟಿಕಾರರಿಗೂ ಇಂಥದೇ ಕಷ್ಟ ಬಂದಿತ್ತು. ಅವರು 'ದಿ', 'ಎ' ಎಂಬ ಉಪಪದಗಳನ್ನು ಲೆಕ್ಕಕ್ಕೆ ಹಿಡಿಯದೆ 'ದಿ ಸೌಂಡ್ ಆಫ್ ಸೈಲೆನ್ಸ್' ಅನ್ನು 'ಎಸ್' ಅಕ್ಷರದಲ್ಲಿ ಇಟ್ಟರು. ಕರೆಯನ್ನು ಬಿಟ್ಟು ಅದರ ಮುಂದಿನ ಪದವನ್ನು ಎಣಿಸುವ ಇಂಥ ಕ್ರಮ ತುಳು, ಕನ್ನಡಗಳಿಗೂ ಒಗ್ಗುವಂಥದು.

ಅದೇ ಪಟ್ಟಿಗಳಲ್ಲಿ ಇನ್ನೂ ಕಲಿಯಬೇಕಾದ ಸಂಗತಿಯೊಂದಿದೆ. ಸೈಮನ್ ಮತ್ತು ಗಾರ್‌ಫಂಕೆಲ್ ಜೋಡಿ 1966ರಲ್ಲಿ ಮುದ್ರಿಸಿದ 'ಸ್ಕಾರ್‌ಬರೋ ಫೇರ್' ಪಾಪ್ ಹಾಡೆಂದೇ ಪ್ರಸಿದ್ಧ. ಅದು ಅವರ ಸ್ವಂತ ರಚನೆಯಲ್ಲ. ಪಾಲ್ ಸೈಮನ್ ಅದನ್ನು ಲಂಡನ್ನಿನಲ್ಲಿ ಮಾರ್ಟಿನ್ ಕಾರ್ಥಿ ಎಂಬ ಜಾನಪದ ಗಾಯಕನಿಂದ ಕಲಿತವನು. ಹಾಡಿನ ಬೇರು 'ದಿ ಎಲ್ಫಿನ್ ನೈಟ್' ಎಂಬ ಹಳೆಯ ಲಾವಣಿಯಲ್ಲಿದೆ. ಮೊದಲಕ್ಷರ ಬೇರೆ, ಹೆಸರು ಬೇರೆ, ಆದರೂ ಬಳ್ಳಿ ಒಂದೇ ಎಂದು ತಿಳಿದದ್ದು ಹೇಗೆ? ಅಮೆರಿಕದ ವಿದ್ವಾಂಸ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ ಪ್ರಕಟಿಸಿದ ಸಂಪುಟಗಳಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡುಗಳ 305 ಲಾವಣಿಗಳನ್ನು ಪಾಠಭೇದಗಳೊಂದಿಗೆ ಜೋಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟನು. 'ಎಲ್ಫಿನ್ ನೈಟ್' ಅಲ್ಲಿ ಎರಡನೆಯದು. ಒಬ್ಬಳು ಅಜ್ಜಿ ಒಂದು ಪದದಿಂದ, ಇನ್ನೊಬ್ಬಳು ಬೇರೊಂದರಿಂದ ಎತ್ತಿಕೊಂಡರೂ ಹಾಡು ಒಂದೇ ಎಂದು ತೋರಿಸುವ ಉಪಾಯ ಅದು.

ಕಾಸರಗೋಡಿನ ಹಾಡುಗಳಿಗೆ ಅಂಥದೊಂದು ಸೂಚಿ ಬೇಕಾಗಿದೆ, ಮತ್ತು ಅದಕ್ಕೆ ಹೆಚ್ಚು ಕಾಲವಿಲ್ಲ. ಗದ್ದೆಗಳು ಅಡಕೆ ತೋಟಗಳಾಗಿ, ಉಳಿದವು ಪಡಿಲು ಬಿದ್ದ ಮೇಲೆ ನಾಟಿಯ ಹಾಡಿಗೆ ನಿಲ್ಲಲು ನೆಲವಿಲ್ಲ. ಹಾಡಬಲ್ಲವರು ಮನೆಯ ಜಗಲಿಯಲ್ಲಿ ಕುಳಿತಿದ್ದಾರೆ. ಕೇಳಿದರೆ ಹಾಡುತ್ತಾರೆ, ಕೇಳುವವರಿಲ್ಲ. ವಿದ್ವಾಂಸರ ಜಾನಪದ ಸಂಗ್ರಹಗಳು ಇಲ್ಲವೆಂದಲ್ಲ. ಒಂದು ಮನೆಯ ಹಾಡು ಆ ಸಂಗ್ರಹಗಳಲ್ಲಿ ಸೇರಿದೆಯೇ ಇಲ್ಲವೇ ಎಂದು ನೋಡಿ ತಿಳಿಯುವ ದಾರಿ ವಿದ್ಯಾರ್ಥಿಯ ಕೈಗೆ ಸಿಕ್ಕಬೇಕು.

ದಾರಿ ಅಂತ್ಯಾಕ್ಷರಿಯಿಂದಲೇ ಆರಂಭವಾಗಬಹುದು, ಆದರೆ ಈಗಿನ ಕ್ರಮದಲ್ಲಲ್ಲ. ಒಂದು ಸಾಲು ಹಾಡಿ, ಎದುರು ಪಕ್ಷಕ್ಕೆ ಅಕ್ಷರ ಎಸೆದು ಸುಮ್ಮನಾಗುವ ಆಟದಿಂದ ಹಾಡು ಉಳಿಯದು. ಕೇರಳದ ಅಕ್ಷರಶ್ಲೋಕದಲ್ಲಿ ಹಿಂದಿನವನ ಶ್ಲೋಕದ ಮೂರನೆಯ ಪಾದದ ಮೊದಲಕ್ಷರದಿಂದ ಮುಂದಿನವನು ಎತ್ತಿಕೊಳ್ಳಬೇಕು. ಶ್ಲೋಕವನ್ನು ಪೂರ್ತಿ ಹೇಳಲೇಬೇಕು. ನೆರೆಯ ಭಾಷೆಯ ಈ ಶಿಸ್ತನ್ನು ಕನ್ನಡ ವಿಭಾಗ ಸಂಕೋಚವಿಲ್ಲದೆ ಎರವಲು ಪಡೆಯಬಹುದು. ಭಾಷೆ ಯಾವುದಾದರೂ ಇರಲಿ. ಹಾಡಿದ ಧ್ವನಿಯೇ ಲೆಕ್ಕಕ್ಕೆ, ಬರಹದ ಕಾಗುಣಿತವಲ್ಲ. ಒಂದು ಚರಣವಾದರೂ ಪೂರ್ತಿ ಬರಬೇಕು. ಡಿಲನ್ ಬರಲಿ, 'ಮ'ಕಾರದಲ್ಲಿ ಬರಲಿ. 'ಗಳು' ಎಂದು ಮುಗಿಸಿ ಎದುರಾಳಿಯ ಮೇಲೆ 'ಳ'ಕಾರವನ್ನು ಹೊರಿಸುವ ಹಳೆಯ ಕುಚೋದ್ಯಕ್ಕೆ ಈಗಾಗಲೇ 'ಲ'ಕಾರದ ರಿಯಾಯಿತಿ ಇದೆ, ಅದು ಹಾಗೆಯೇ ನಡೆಯಲಿ. ಮನೆಯಲ್ಲಿ ಕೇಳಿದ ಹಾಡಿಗೆ ಮಾತ್ರ ಎರಡು ಪಟ್ಟು ಅಂಕ ಸಲ್ಲಬೇಕು. ಹಾಗೆ ಹಾಡಿದವರು ಅದರ ಎತ್ತುಗಡೆಯನ್ನೂ, ಕಲಿಸಿದವರ ಊರನ್ನೂ, ಯಾವ ಕೆಲಸದ ಹೊತ್ತಿನ ಹಾಡು ಎಂಬುದನ್ನೂ ಅಂದೇ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮರುವರ್ಷ ಅದೇ ಹಾಡು ಬೇರೆ ಎತ್ತುಗಡೆಯಿಂದ ಬಂದರೆ ಹಳೆಯ ಸಂಖ್ಯೆಯನ್ನೇ ಕೊಡಬೇಕು.

ದುಂದಿನ ಕೆಲಸವೇನಲ್ಲ ಇದು. ಒಂದು ದಪ್ಪ ನೋಟುಪುಸ್ತಕ ಸಾಕು, ಅಕ್ಷರಕ್ಕೆ ನಾಲ್ಕು ಹಾಳೆಯಂತೆ. ಕರೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ನಿಯಮ ಬರೆಯುವವರಿಗೆ ಅಭ್ಯಾಸವಾಗುವವರೆಗೆ 'ಓ'ಕಾರಕ್ಕೆ ಮಾತ್ರ ಹತ್ತು ಹಾಳೆ ಹೆಚ್ಚಿಗೆ ಬಿಡುವುದು ಲೇಸು.