ಕೆಲಸ ಬಿಟ್ಟವರನ್ನು ಹಳಿಯುವ ಮುನ್ನ

ಕೈಯಲ್ಲಿದ್ದ ಉದ್ಯೋಗವನ್ನು ಬಿಟ್ಟವರನ್ನು ನಮ್ಮ ಸಮಾಜ ಸುಲಭವಾಗಿ ಕ್ಷಮಿಸುವುದಿಲ್ಲ. ದೇವರು ಕೊಟ್ಟ ಅನ್ನವನ್ನು ಕಾಲಿನಿಂದ ಒದೆಯಬಾರದೆಂದು ಹಿರಿಯರು ಗದರುತ್ತಾರೆ. ಕ್ರೈಸ್ತ ಮನೆಗಳಲ್ಲಿ ಇದರೊಡನೆ ಇನ್ನೊಂದು ಮಾತೂ ಸೇರುತ್ತದೆ: ನಿನ್ನ ಶಿಲುಬೆಯನ್ನು ನೀನು ಹೊರಬೇಕು. ಆ ಶಿಲುಬೆಯನ್ನು ಹೆಗಲಿಗೇರಿಸಿದವರು ಯಾರೆಂದು ಕೇಳುವವರು ವಿರಳ.

ತಾಯಿಯೊಬ್ಬರು ಮಗಳಿಗೆ ಬುದ್ಧಿ ಹೇಳಬೇಕೆಂದು ನನ್ನಲ್ಲಿಗೆ ಬಂದಿದ್ದರು. ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಆಕೆ, ಬೇರೆ ಕೆಲಸ ಸಿಗುವ ಮುನ್ನವೇ ರಾಜೀನಾಮೆ ಕೊಟ್ಟಿದ್ದಳು. ವಿಚಾರಿಸಿದಾಗ ತಿಳಿದದ್ದಿಷ್ಟು. ರಾತ್ರಿ ಹನ್ನೊಂದಕ್ಕೂ ಮಾಲೀಕರ ಕರೆ. ಎತ್ತದಿದ್ದರೆ ಮರುದಿನ ಎಲ್ಲರೆದುರು ಬೈಗುಳ. ಭಾನುವಾರ ಎಲ್ಲಿಗೆ ಹೋಗುತ್ತಾಳೆ, ಯಾರೊಡನೆ ಮಾತನಾಡುತ್ತಾಳೆ ಎಂಬ ವಿಚಾರಣೆ. ಅಜ್ಜಿ ತೀರಿಕೊಂಡಾಗ ರಜೆ ಕೇಳಿದರೆ, ಶವಸಂಸ್ಕಾರದ ಫೋಟೊ ಕಳುಹಿಸಬೇಕೆಂಬ ಆಜ್ಞೆ. ಮೂಲ ಅಂಕಪಟ್ಟಿಗಳು ಕಚೇರಿಯ ಕಪಾಟಿನಲ್ಲಿ ಬಂದಿ. ನಾನು ಬುದ್ಧಿ ಹೇಳಿದ್ದು ಮಗಳಿಗಲ್ಲ.

ಸಂಬಳ ಕೊಡುವವನಿಗೆ ಹಕ್ಕಿರುವುದು ದುಡಿಮೆಯ ಮೇಲೆ, ದುಡಿಯುವವಳ ಮೇಲಲ್ಲ. ಮನುಷ್ಯನನ್ನು ಬರಿಯ ಸಾಧನವನ್ನಾಗಿ ಬಳಸಕೂಡದೆಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರತಿಪಾದಿಸಿದನು. (ಸೆಮಿನರಿಯಲ್ಲಿ ಇದು ನಮಗೆ ಒಣ ಸಿದ್ಧಾಂತವಾಗಿ ಕಂಡಿತ್ತು.) ಪೋಪ್ ಹದಿಮೂರನೆಯ ಲಿಯೊ 1891ರ ತಮ್ಮ ವಿಶ್ವಪತ್ರದಲ್ಲಿ ಇನ್ನೂ ಮುಂದೆ ಹೋದರು. ಬಡತನಕ್ಕೋ ಹೆಚ್ಚಿನ ಕೇಡಿನ ಭಯಕ್ಕೋ ಒಳಗಾಗಿ ಕಾರ್ಮಿಕನು ಕಠಿಣ ಷರತ್ತನ್ನು ಒಪ್ಪಿದರೆ, ಅವನು ಬಲಾತ್ಕಾರಕ್ಕೂ ಅನ್ಯಾಯಕ್ಕೂ ಬಲಿಯಾದಂತೆ ಎಂಬುದು ಅವರ ನಿಲುವು. "ಒಪ್ಪಿಯೇ ಸೇರಿದೆಯಲ್ಲ" ಎನ್ನುವ ಮಾಲೀಕರು ಇದನ್ನು ಗಮನಿಸಬೇಕು. 2025ರಲ್ಲಿ ಆಯ್ಕೆಯಾದ ಪೋಪ್ ಅದೇ ಲಿಯೊ ನಾಮವನ್ನು ಧರಿಸಿದ್ದಕ್ಕೆ ಆ ವಿಶ್ವಪತ್ರವೂ ಕಾರಣವೆಂದು ಅವರೇ ತಿಳಿಸಿದ್ದಾರೆ.

ಇನ್ನು ತಾಳ್ಮೆಯ ಮಾತು. ಪ್ರಧಾನ ಯಾಜಕನ ಸನ್ನಿಧಿಯಲ್ಲಿ ಕಾವಲುಗಾರನು ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ಹೊಡೆದುದೇಕೆಂದು ಅವನನ್ನೇ ಪ್ರಶ್ನಿಸಿದರು. ಈ ಪ್ರಸಂಗವನ್ನು ನಾವು ಶುಭ ಶುಕ್ರವಾರ ಓದಿ ಅಲ್ಲಿಗೇ ಮರೆಯುತ್ತೇವೆ.

ತಡವಾಗಿ ಬಂದವನನ್ನು ಗದರಿಸುವುದು ಕಿರುಕುಳವಲ್ಲ, ನಿಜ. ಸಾಲದ ಹೊರೆಯಿಂದ ಕೆಲಸ ಬಿಡಲಾಗದವರನ್ನು ಹೇಡಿಗಳೆನ್ನುವುದೂ ಸಲ್ಲದು. ಬಿಡುವವರು ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟು ಪ್ರತಿಯೊಂದನ್ನು ಇಟ್ಟುಕೊಳ್ಳಲಿ. ಕಿರುಕುಳ ಲೈಂಗಿಕ ಸ್ವರೂಪದ್ದಾಗಿದ್ದು ಆರೋಪ ಮಾಲೀಕನ ಮೇಲೆಯೇ ಇದ್ದರೆ, 2013ರ ಕಾನೂನಿನಂತೆ ಮಹಿಳೆಯು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು.

ಧರ್ಮಕೇಂದ್ರಗಳೂ ಮಾಡಬೇಕಾದದ್ದಿದೆ. ಇಂಥವರ ಮನೆಬಾಡಿಗೆಗೆ ಒಂದೆರಡು ತಿಂಗಳು ನೆರವಾಗುವುದು ಹಬ್ಬದ ದೀಪಾಲಂಕಾರಕ್ಕಿಂತ ದುಬಾರಿಯೇನಲ್ಲ. ನಮ್ಮದೇ ವಿದ್ಯಾಸಂಸ್ಥೆಗಳ ಕಪಾಟುಗಳನ್ನೂ ಒಮ್ಮೆ ತೆರೆದು ನೋಡೋಣ. ಯಾವ ಶಿಕ್ಷಕಿಯ ಮೂಲ ಪ್ರಮಾಣಪತ್ರವಾದರೂ ಅಲ್ಲಿ ಉಳಿದಿದ್ದರೆ, ಆಕೆ ಕೇಳುವವರೆಗೆ ಕಾಯದೆ ಈ ವಾರವೇ ಹಿಂತಿರುಗಿಸಬೇಕು.